ಆಳೆತ್ತರದ ಬೂದಿ, ಮೂರು ಬೆರಳು ಸತ್ಯ

ಆಂಧ್ರದ ಬನಗಾನಪಲ್ಲಿಯ ಹತ್ತಿರ ಜುರ್ರೇರು ಎಂಬ ಹೊಳೆಯ ಬಯಲಿದೆ. ಅಲ್ಲಿನ ಒಂದು ಗುಂಡಿಯ ಅಂಚಿನಲ್ಲಿ ಕೂತು ನಾನು ಎರಡು ಪುಟ್ಟ ಪ್ಲಾಸ್ಟಿಕ್ ಚೀಲಗಳಿಗೆ ಚಿಟಿಕೆ ಚಿಟಿಕೆಯಾಗಿ ಬೂದಿ ತುಂಬುತ್ತಿದ್ದೆ. ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಅದೇ ಬೂದಿಯನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಅದಕ್ಕೆ ತುಂಬುತ್ತಿದ್ದರು. ಪಾತ್ರೆ ತಿಕ್ಕುವ ಪುಡಿಗೆ ಅದು ಒಳ್ಳೆಯ ಸರಕು. ಚಾಲಕ ಬೀಡಿ ಹಚ್ಚಿಕೊಂಡು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ: "ಅಷ್ಟು ದೂರದಿಂದ ಬಂದು ಇಷ್ಟೇನಾ ಒಯ್ಯೋದು?"

ಆ ಬೂದಿ ಬಂದದ್ದು ನನಗಿಂತಲೂ ದೂರದಿಂದ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿ ಸಿಡಿದಾಗ 2,600 ಕಿಲೋಮೀಟರ್ ಗಾಳಿಯಲ್ಲಿ ತೇಲಿ ಅದು ಇಲ್ಲಿ ಇಳಿದಿದೆ. ಕಳೆದ 20 ಲಕ್ಷ ವರ್ಷಗಳಲ್ಲಿ ಭೂಮಿ ಕಂಡ ಅತಿ ದೊಡ್ಡ ಸ್ಫೋಟಗಳ ಪಟ್ಟಿ ಮಾಡಿದರೆ ಇದರ ಹೆಸರು ಮೊದಲು ಬರುತ್ತದೆ. ನನ್ನ ವೃತ್ತಿಜೀವನವೆಲ್ಲ ಈ ಒಂದು ಜ್ವಾಲಾಮುಖಿಯ ಚರಿತ್ರೆಯ ಹಿಂದೆ ಹೋಯಿತು. ಆದರೆ ಜ್ವಾಲಾಮುಖಿಯನ್ನು ಕಣ್ಣಾರೆ ನೋಡಿದ್ದು ಮೂರೇ ಸಲ. ಉಳಿದ ದಿನಗಳನ್ನು ನಮ್ಮದೇ ನದಿಗಳ ದಂಡೆಯಲ್ಲಿ, ಸೂಕ್ಷ್ಮದರ್ಶಕದ ಮುಂದೆ, ಕೂದಲೆಳೆಗಿಂತ ಸಣ್ಣ ಗಾಜಿನ ಚೂರುಗಳನ್ನು ಎಣಿಸುತ್ತ ಕಳೆದೆ.

ಈಗ ನಿವೃತ್ತನಾಗಿದ್ದೇನೆ. ಬರುವ ಹುಡುಗ ಹುಡುಗಿಯರು "ಸರ್, ಏನಾದರೂ ಟಿಪ್ಸ್" ಎನ್ನುತ್ತಾರೆ. ಟಿಪ್ಸ್ ನನ್ನ ಬಳಿ ಇಲ್ಲ, ಮಾಡಿಕೊಂಡ ಎಡವಟ್ಟುಗಳಿವೆ. ಅವನ್ನೇ ಎಣಿಸಿ ಬರೆದಿದ್ದೇನೆ.

1. ದಪ್ಪ ನೋಡಿ ಮರುಳಾಗಬೇಡಿ.

ಜುರ್ರೇರು ಬಯಲಿನ ಜ್ವಾಲಾಪುರಂನಲ್ಲಿ ಬೂದಿಯ ಪದರ ಕೆಲವು ಕಡೆ ಎರಡೂವರೆ ಮೀಟರ್ ದಪ್ಪವಿದೆ. ಗುಂಡಿಗೆ ಇಳಿದು ನಿಂತರೆ ತಲೆಯ ಮೇಲೂ ಬೂದಿಯೇ. (ಊರಿನ ಹೆಸರಿಗೂ ಬೂದಿಗೂ ನಂಟು ಕಟ್ಟಲು ಮನಸ್ಸು ಹಾತೊರೆಯುತ್ತದೆ. ಯಾವ ಊರಿನ ಹೆಸರೂ 74,000 ವರ್ಷ ಬಾಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.) ಮೊದಲ ಸಲ ನೋಡಿದವರು "ಇಷ್ಟು ಬೂದಿ ಆಕಾಶದಿಂದ ಬಿತ್ತೇ!" ಎಂದು ಬಾಯಿ ಬಿಡುತ್ತಾರೆ. ಬೀಳಲಿಲ್ಲ. ಆಕಾಶದಿಂದ ಬಿದ್ದದ್ದು ತಳದಲ್ಲಿರುವ ಕೆಲವೇ ಸೆಂಟಿಮೀಟರ್, ಮೂರು ಬೆರಳು ಅಡ್ಡ ಇಟ್ಟರೆ ಮುಚ್ಚಿಹೋಗುವಷ್ಟು. ಮಿಕ್ಕದ್ದು ಆಮೇಲೆ ಬಂದದ್ದು. ಸುತ್ತಲಿನ ಗುಡ್ಡಗಳ ಮೇಲೆ ಬಿದ್ದ ಬೂದಿಯನ್ನು ಮಳೆ ತೊಳೆದು ತಗ್ಗಿಗೆ ತಂದು ಸುರಿದಿದೆ. ಹೊಲದ ಮಣ್ಣೆಲ್ಲ ಕೆರೆಗೆ ಬಂದು ಹೂಳಾಗುವುದಿಲ್ಲವೇ, ಹಾಗೆ.

ಎರಡನ್ನೂ ಬೇರ್ಪಡಿಸುವುದು ಪುಸ್ತಕದಲ್ಲಿ ಸುಲಭ. ನೇರವಾಗಿ ಬಿದ್ದ ಬೂದಿಯ ತಳ ಚೂರಿಯಿಂದ ಕೊಯ್ದಂತೆ ಚೊಕ್ಕವಾಗಿರುತ್ತದೆ, ದಪ್ಪ ಸಮವಾಗಿರುತ್ತದೆ, ಒಳಗೆ ಮರಳು ಕಲ್ಲು ಇರುವುದಿಲ್ಲ. ನೀರು ಹೊತ್ತು ತಂದ ಬೂದಿಯಲ್ಲಿ ಓರೆ ಗೆರೆಗಳು, ಮಣ್ಣಿನ ಉಂಡೆಗಳು, ಬೇರು ಕೊರೆದ ತೂತುಗಳು ಕಾಣುತ್ತವೆ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಗೋಡೆಯ ಮುಂದೆ ನಿಂತಾಗ ಎಲ್ಲವೂ ಒಂದೇ ಬಿಳುಪು. ಸಂಜೆಯ ಓರೆ ಬೆಳಕಿಗೆ ಕಾಯಬೇಕು, ಇಲ್ಲವೇ ಗೋಡೆಗೆ ನೀರು ಚಿಮುಕಿಸಿ ಒಣಗುವಾಗ ನೋಡಬೇಕು. ಮರಳಿನ ಗೆರೆ ಒಂದು ವೇಗದಲ್ಲಿ ಆರುತ್ತದೆ, ಬೂದಿಯದು ಇನ್ನೊಂದು ವೇಗದಲ್ಲಿ.

ಇದು ನನಗೆ ಗೊತ್ತಿರದ ಕಾಲದಲ್ಲಿ, ದಖ್ಖನ್ನಿನ ಒಂದು ನದಿಯ ದಂಡೆಯಲ್ಲಿ, ನೋಟುಪುಸ್ತಕದಲ್ಲಿ ಬರೆದೆ: "ಆಕಾಶದಿಂದ ಬಿದ್ದ ಬೂದಿ, ದಪ್ಪ 1.2 ಮೀಟರ್." ಜೊತೆಗಿದ್ದ ಹಿರಿಯರು ಏನೂ ಹೇಳಲಿಲ್ಲ. ಪದರದ ನಟ್ಟನಡುವೆ ಬೆರಳಿಟ್ಟು ಅಲ್ಲಿಂದ ಒಂದು ಬಸವನಹುಳುವಿನ ಚಿಪ್ಪು ಕಿತ್ತು ನನ್ನ ಅಂಗೈಗೆ ಹಾಕಿದರು. ಬೂದಿಯ ಮಳೆ ಸುರಿಯುತ್ತಿರುವಾಗ ಬಸವನಹುಳು ಅಲ್ಲಿ ಸಂಸಾರ ಮಾಡಿಕೊಂಡಿತ್ತೇ? ಆ ಪುಟವನ್ನು ನಾನು ಹರಿದು ಹಾಕಲಿಲ್ಲ. ಈಗಲೂ ತೆರೆದು ನೋಡುತ್ತೇನೆ.

2. ದೊಡ್ಡ ಜ್ವಾಲಾಮುಖಿ ಬೆಟ್ಟವಾಗಿರುವುದಿಲ್ಲ.

ಮೆಡಾನ್ ನಗರದಿಂದ ಬಸ್ಸಿನಲ್ಲಿ ಗಂಟೆಗಟ್ಟಲೆ ಹೋದ ಮೇಲೆ ಪರಾಪಾತ್ ಎಂಬ ಊರು ಬರುತ್ತದೆ. ಬಸ್ಸು ತಿರುವು ದಾಟಿದ ತಕ್ಷಣ ಕೆಳಗೆ ನೀಲಿ ನೀರು. ನನ್ನ ಕಣ್ಣು ಮಾತ್ರ ಬೆಟ್ಟ ಹುಡುಕುತ್ತಿತ್ತು. ಶಾಲೆಯ ಚಿತ್ರಪಟದಿಂದ ಬಂದ ಚಾಳಿ ಅದು: ಮೊನಚು ಶಿಖರ, ತುದಿಯಲ್ಲಿ ಹೊಗೆ. ಟೋಬಾಕ್ಕೆ ಶಿಖರವಿಲ್ಲ, ಇರುವುದು ಹಳ್ಳ. ಉದ್ದ ಸುಮಾರು 100 ಕಿಲೋಮೀಟರ್, ಅಗಲ 30. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬೆಂಗಳೂರಿನಲ್ಲಿ ಒಂದು ತುದಿ ಇಟ್ಟರೆ ಇನ್ನೊಂದು ತುದಿ ಮಂಡ್ಯದಲ್ಲಿ. ಅದರ ತುಂಬ ನೀರು, ಕೆಲವೆಡೆ 500 ಮೀಟರ್ ಆಳ.

ಇಷ್ಟು ದೊಡ್ಡ ಹಳ್ಳ ಆದದ್ದು ಹೇಗೆ? ಕೆಳಗಿದ್ದ ಶಿಲಾಪಾಕವೆಲ್ಲ ಹೊರಗೆ ಚಿಮ್ಮಿತು, ಮೇಲಿದ್ದ ನೆಲಕ್ಕೆ ಆಸರೆ ತಪ್ಪಿ ಕುಸಿಯಿತು. ಭೂವಿಜ್ಞಾನಿಗಳು ಇದನ್ನು ಕ್ಯಾಲ್ಡೆರಾ ಎನ್ನುತ್ತಾರೆ. ಡಚ್ ಭೂವಿಜ್ಞಾನಿ ವಾನ್ ಬೆಮ್ಮೆಲೆನ್ ಕಳೆದ ಶತಮಾನದ ಮೊದಲರ್ಧದಲ್ಲೇ ಸರೋವರದ ಸುತ್ತ ಹಬ್ಬಿರುವ ಟಫ್ ಶಿಲೆಯನ್ನು, ಅಂದರೆ ಗಟ್ಟಿಯಾದ ಬೂದಿಯನ್ನು, ನೋಡಿ, ಈ ಹಳ್ಳ ಸ್ಫೋಟದಿಂದಲೇ ಹುಟ್ಟಿದ್ದು ಎಂದು ಬರೆದ. ಆಮೇಲೆ ಅಮೆರಿಕದ ಕ್ರೇಗ್ ಚೆಸ್ನರ್ ದಶಕಗಳ ಕಾಲ ಅದರ ಗೋಡೆಗಳನ್ನು ಓದಿ ಲೆಕ್ಕ ಹಾಕಿದ: ಕಡೆಯ ಸ್ಫೋಟದಲ್ಲಿ ಹೊರಬಿದ್ದ ಶಿಲಾಪಾಕ ಕನಿಷ್ಠ 2,800 ಘನ ಕಿಲೋಮೀಟರ್. ಈಚಿನ ಲೆಕ್ಕಗಳು ಇದಕ್ಕಿಂತ ಹೆಚ್ಚೇ ಹೇಳುತ್ತವೆ.

ಕಡೆಯದು ಎಂದೆ, ಏಕೆಂದರೆ ಹಿಂದೆ ಇನ್ನೂ ಮೂರು ಇವೆ. ಸುಮಾರು 12 ಲಕ್ಷ, 8 ಲಕ್ಷ ಮತ್ತು 5 ಲಕ್ಷ ವರ್ಷಗಳ ಹಿಂದೆ ಇಲ್ಲೇ ದೊಡ್ಡ ಸ್ಫೋಟಗಳಾಗಿವೆ. ಅದರಲ್ಲಿ ಎಂಟು ಲಕ್ಷದ್ದು ದೈತ್ಯ, ಉಳಿದೆರಡು ಅದರ ಮುಂದೆ ಚಿಕ್ಕವು. ನಾಲ್ಕನೆಯದು ಸಿಡಿದಾಗ ಹಿಂದಿನ ಮೂರರ ದಾಖಲೆಯ ಬಹುಪಾಲನ್ನು ಹಾರಿಸಿತು, ನುಂಗಿತು ಅಥವಾ ಹೂತುಹಾಕಿತು. ಮನೆಯ ಹಿರಿಯ ಮಗ ಹಳೆಯ ಪತ್ರಗಳನ್ನೆಲ್ಲ ಸುಟ್ಟು ತನ್ನದೊಂದನ್ನೇ ಉಳಿಸಿಕೊಂಡ ಹಾಗೆ.

ಸರೋವರದ ನಡುವೆ ಸಮೋಸಿರ್ ಎಂಬ ದೊಡ್ಡ ದ್ವೀಪವಿದೆ. ದೋಣಿ ಇಳಿದು ಮೇಲೇರುತ್ತ ಹೋದರೆ, ನೀರಿನ ಮಟ್ಟಕ್ಕಿಂತ ನೂರಾರು ಮೀಟರ್ ಎತ್ತರದಲ್ಲಿ, ಕಾಲ ಕೆಳಗೆ ಸರೋವರದ ತಳದ ಕೆಸರು ಪದರ ಪದರವಾಗಿ ಸಿಗುತ್ತದೆ. ಕುಸಿದ ನೆಲ ಸಾವಿರಾರು ವರ್ಷಗಳಲ್ಲಿ ಮತ್ತೆ ಉಬ್ಬಿ ತಳವನ್ನೇ ತಲೆಯ ಮೇಲೆ ಹೊತ್ತು ಎದ್ದಿದೆ. ಆ ಕೆಸರಿನ ಮೇಲೆ ಕೂತು ನಾನು ಬುತ್ತಿ ಬಿಚ್ಚಿದ್ದು ನನ್ನ ಮೂರು ಪ್ರವಾಸಗಳಲ್ಲಿ ಅತಿ ಸಂತೋಷದ ಗಳಿಗೆ.

ಅಲ್ಲಿನ ಬಟಾಕ್ ಜನರ ಕಥೆಯೊಂದನ್ನು ನಮ್ಮ ದೋಣಿಯವನು ಹೇಳಿದ. ರೈತನೊಬ್ಬ ಮೀನು ಹಿಡಿದ, ಮೀನು ಹೆಣ್ಣಾಯಿತು. ತಾನು ಮೀನಾಗಿದ್ದ ಮಾತನ್ನು ಎಂದೂ ಎತ್ತಬಾರದೆಂಬ ಶರತ್ತಿನ ಮೇಲೆ ಅವನನ್ನು ಮದುವೆಯಾದಳು. ಒಂದು ದಿನ ಸಿಟ್ಟಿನಲ್ಲಿ ಅವನು ಮಗನನ್ನು ಮೀನಿನ ಮರಿ ಎಂದು ಬೈದ. ನೆಲದಿಂದ ನೀರು ಉಕ್ಕಿ ಕಣಿವೆ ಮುಳುಗಿತು. ಕೇಳುತ್ತ ನನಗೆ ಶಂತನು ನೆನಪಾದ. ಶರತ್ತು ಮುರಿಯುವ ಗಂಡಂದಿರು ಎಲ್ಲ ಸೀಮೆಯಲ್ಲೂ ಇದ್ದಾರೆ.

3. ಪಕ್ಕದ ಮನೆಯವನಿಗಿಂತ ದೂರದವನಿಗೆ ಹೆಚ್ಚು ಗೊತ್ತಿರಬಹುದು.

ಟೋಬಾದ ಬಾಯಲ್ಲೇ ನಿಂತು ಅದರ ಚರಿತ್ರೆ ಬರೆಯಹೊರಟರೆ ಅರ್ಧ ಪುಟಗಳು ಸಿಗುವುದಿಲ್ಲ ಎಂದು ಆಗಲೇ ಹೇಳಿದೆ. ಆ ಪುಟಗಳಿರುವುದು ದೂರದಲ್ಲಿ. ಬಂಗಾಳ ಕೊಲ್ಲಿಯ ತಳದ ಕೆಸರಿನಲ್ಲಿ ಬೂದಿ ಒಂದು ಬಿಳಿ ಪಟ್ಟೆಯಾಗಿ ಕೂತಿದೆ. ಅಲ್ಲಿ ಮಳೆ ತೊಳೆಯುವುದಿಲ್ಲ, ದನ ತುಳಿಯುವುದಿಲ್ಲ. 1978ರಲ್ಲಿ ನಿಂಕೋವಿಚ್ ಮತ್ತು ಸಂಗಡಿಗರು ಸಮುದ್ರತಳದ ಆ ಬೂದಿಯನ್ನೂ ಸುಮಾತ್ರಾದ ಟಫ್ಫನ್ನೂ ಜೋಡಿಸಿ ಸುಮಾರು 75,000 ವರ್ಷ ಎಂಬ ವಯಸ್ಸನ್ನು ನಿಲ್ಲಿಸಿದರು.

ಮರುವರ್ಷವೇ ಬಂದ ಇನ್ನೊಂದು ಲೇಖನ ನನ್ನನ್ನು ಈ ದಾರಿಗೆ ಎಳೆದದ್ದು. ನೀರಿನಲ್ಲಿ ದಪ್ಪ ಕಣ ಬೇಗ ಮುಳುಗುತ್ತದೆ, ಸಣ್ಣದು ನಿಧಾನ. ಎಲ್ಲ ಕಣಗಳೂ ಒಮ್ಮೆಲೇ ಬಂದಿದ್ದರೆ ಪದರದಲ್ಲಿ ಕೆಳಗೆ ದಪ್ಪ, ಮೇಲೆ ಸಣ್ಣ ಎಂದು ಚೊಕ್ಕವಾಗಿ ಬೇರ್ಪಡಬೇಕು. ದಿನಗಟ್ಟಲೆ ಬರುತ್ತಲೇ ಇದ್ದರೆ ಕಲಸಿಹೋಗಬೇಕು. ಎಷ್ಟು ಕಲಸಿದೆ ಎಂದು ಅಳೆದು ಲೆಡ್‌ಬೆಟರ್ ಮತ್ತು ಸ್ಪಾರ್ಕ್ಸ್ ಹೇಳಿದರು: ಸ್ಫೋಟ ನಡೆದದ್ದು 9ರಿಂದ 14 ದಿನ. ಸಾವಿರಾರು ಘನ ಕಿಲೋಮೀಟರ್ ಬಂಡೆ ಎರಡು ವಾರದೊಳಗೆ! ಸಂಖ್ಯೆಯನ್ನು ಆಮೇಲಿನವರು ತಿದ್ದಬಹುದು. ಆದರೆ ಕೆಸರಿನ ಒಂದು ಕೊಳವೆಯನ್ನು ನೋಡಿ ಎಂದೋ ನಡೆದ ಸ್ಫೋಟದ ದಿನಗಳನ್ನು ಎಣಿಸಬಹುದು ಎಂಬ ಯೋಚನೆಯೇ ನನಗೆ ಆಗ ತಲೆ ತಿರುಗಿಸಿತು.

ಬೂದಿ ಪಡುವಣಕ್ಕೆ ಅರಬ್ಬಿ ಸಮುದ್ರದವರೆಗೆ, ಮೂಡಣಕ್ಕೆ ದಕ್ಷಿಣ ಚೀನಾ ಸಮುದ್ರದವರೆಗೆ ಹೋಗಿದೆ. 2013ರಲ್ಲಿ ಆಫ್ರಿಕದ ಮಲಾವಿ ಸರೋವರದ ಕೆಸರಿನಲ್ಲಿ, 2018ರಲ್ಲಿ ದಕ್ಷಿಣ ಆಫ್ರಿಕದ ಪಿನಕಲ್ ಪಾಯಿಂಟ್‌ನಲ್ಲಿ ಅದರ ಗಾಜಿನ ಚೂರುಗಳು ಸಿಕ್ಕವು. ಎರಡೂ ಕಡೆ ಬರಿಗಣ್ಣಿಗೆ ಕಾಣುವ ಪದರ ಇರಲಿಲ್ಲ. ಮಣ್ಣನ್ನು ತೊಳೆದು, ಜರಡಿ ಹಿಡಿದು, ಭಾರದ ದ್ರವದಲ್ಲಿ ತೇಲಿಸಿ, ಕಡೆಗೆ ಕೆಲವೇ ಚೂರುಗಳನ್ನು ಹೆಕ್ಕಿದ್ದು. ಪಿನಕಲ್ ಪಾಯಿಂಟ್‌ನದು ಸುಮಾರು 9,000 ಕಿಲೋಮೀಟರ್ ಹಾರಿದ ಗಾಜು. ಜ್ವಾಲಾಪುರಂನ ಟ್ರ್ಯಾಕ್ಟರ್ ಚಾಲಕನಿಗೆ ಇದನ್ನು ಹೇಳಿದ್ದರೆ ನನ್ನ ಎರಡು ಚೀಲ ಅವನಿಗೆ ಶ್ರೀಮಂತಿಕೆಯಾಗಿ ಕಾಣುತ್ತಿತ್ತೋ ಏನೋ.

4. ಬೆರಳಚ್ಚು ಒಂದೇ ಆದರೂ ಕಳ್ಳರು ಇಬ್ಬರಿರಬಹುದು.

ಬೂದಿ ಎಂದರೆ ಒಲೆಯ ಬೂದಿಯಲ್ಲ, ಒಡೆದ ಗಾಜು. ಶಿಲಾಪಾಕದ ನೊರೆ ಸಿಡಿದಾಗ ಗುಳ್ಳೆಗಳ ಗೋಡೆಗಳು ಚೂರಾಗಿ ಬಾಗಿದ ಫಲಕಗಳಂತೆ, ಕವಲೊಡೆದ ಕಡ್ಡಿಗಳಂತೆ ಉಳಿಯುತ್ತವೆ. ಪ್ರತಿ ಸ್ಫೋಟದ ಗಾಜಿನ ರಾಸಾಯನಿಕ ಪಾಕ ಬೇರೆ, ಆದ್ದರಿಂದ ಅದು ಬೆರಳಚ್ಚಿನ ಹಾಗೆ ಎಂದು ನಾವು ಪಾಠ ಮಾಡುತ್ತೇವೆ. ಟೋಬಾದ ವಿಷಯದಲ್ಲಿ ಇದು ಅರ್ಧ ಸುಳ್ಳು. 74,000 ವರ್ಷದ ಗಾಜಿಗೂ 8 ಲಕ್ಷ ವರ್ಷದ ಗಾಜಿಗೂ ಮುಖ್ಯ ಧಾತುಗಳಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಒಂದೇ ಅಡುಗೆಮನೆ, ಒಂದೇ ಕೈ, ಏಳು ಲಕ್ಷ ವರ್ಷ ಬಿಟ್ಟು ಮಾಡಿದ ಅದೇ ಸಾರು.

ಇದರ ಬೆಲೆ ಏನು ಎಂಬುದಕ್ಕೆ ಪುಣೆ ಜಿಲ್ಲೆಯ ಬೋರಿ ಎಂಬ ಊರು ಸಾಕ್ಷಿ. ಕುಕಡಿ ನದಿಯ ದಂಡೆಯಲ್ಲಿ ಅಲ್ಲಿ ಬೂದಿಯಿದೆ, ಜೊತೆಯಲ್ಲೇ ಹಳೆಯ ಶಿಲಾಯುಗದ ಅಶ್ಯೂಲಿಯನ್ ಎಂಬ ಬಗೆಯ ಕೈಗೊಡಲಿಗಳಿವೆ. ಬೂದಿಯ ವಯಸ್ಸು ಗೊತ್ತಾದರೆ ಕೊಡಲಿ ಹಿಡಿದವರ ಕಾಲ ಗೊತ್ತಾಯಿತು. 1980ರ ದಶಕದ ಕೊನೆಯಲ್ಲಿ ಪೊಟ್ಯಾಸಿಯಂ-ಆರ್ಗಾನ್ ವಿಧಾನ 14 ಲಕ್ಷ ವರ್ಷ ಎಂದಿತು. 1990ರ ದಶಕದ ನಡುವೆ ಇನ್ನೊಂದು ಅಳತೆ 6.7 ಲಕ್ಷ ಎಂದಿತು. ಅದೇ ದಶಕ ಮುಗಿಯುವ ಮೊದಲು ಗಾಜಿನ ರಸಾಯನ ನೋಡಿದವರು, ಭಾರತದ ಪರ್ಯಾಯ ದ್ವೀಪದಲ್ಲಿರುವ ಟೋಬಾ ಬೂದಿಯೆಲ್ಲವೂ ಕಡೆಯ ಸ್ಫೋಟದ್ದೇ ಎಂದರು. ಒಂದೇ ಬೂದಿ, ಹತ್ತು ವರ್ಷದಲ್ಲಿ ಮೂರು ಜಾತಕ. ಅಲ್ಲಿಗೂ ವಾದ ಮುಗಿಯಲಿಲ್ಲ, ಅದು 8 ಲಕ್ಷದ್ದೇ ಎನ್ನುವವರು ಮತ್ತೆ ಎದ್ದರು.

ಯಾರೂ ಅಪ್ರಾಮಾಣಿಕರಾಗಿರಲಿಲ್ಲ. ಹೊಳೆ ಕಲಬೆರಕೆ ಮಾಡಿತ್ತು. ಕುಕಡಿ ಹರಿಯುವುದು ದಖ್ಖನ್ ಬಸಾಲ್ಟಿನ ಮೇಲೆ, ಅದರ ವಯಸ್ಸು 6.6 ಕೋಟಿ ವರ್ಷ. ಪೊಟ್ಯಾಸಿಯಂ ಇರುವ ಹಳೆಯ ಖನಿಜ ನೂರಕ್ಕೆ ಒಂದೆರಡು ಪಾಲು ಬೆರೆತರೂ ಬೂದಿಯ ವಯಸ್ಸು ಲಕ್ಷಗಟ್ಟಲೆ ಹಿಂದಕ್ಕೆ ಜಿಗಿಯುತ್ತದೆ. ಒಂದನೇ ತರಗತಿಯ ಮಕ್ಕಳ ಸರಾಸರಿ ವಯಸ್ಸು ತೆಗೆಯುವಾಗ ಬಾಗಿಲ ಬಳಿ ಕೂತಿದ್ದ ಮುತ್ತಜ್ಜನನ್ನೂ ಸೇರಿಸಿದರೆ ಏನಾಗುತ್ತದೋ ಅದೇ.

ಕಡೆಗೆ ಸಹಾಯಕ್ಕೆ ಬಂದದ್ದು ಕಾಗೆಬಂಗಾರ. ಬೂದಿಯಲ್ಲಿ ಬಯೋಟೈಟ್ ಎಂಬ ಕಪ್ಪು ಅಭ್ರಕದ ಚಕ್ಕೆಗಳು ಇರುತ್ತವೆ. ತೆಳ್ಳಗಿರುವುದರಿಂದ ಗಾಳಿಯಲ್ಲಿ ಬಹುದೂರ ತೇಲುತ್ತವೆ. ಆ ಚಕ್ಕೆಗಳ ಕಬ್ಬಿಣ ಮತ್ತು ಮೆಗ್ನೀಸಿಯಂ ಪ್ರಮಾಣ ಒಂದೊಂದು ಸ್ಫೋಟಕ್ಕೂ ಬೇರೆಯಾಗಿದೆ ಎಂದು 2011ರಲ್ಲಿ ತೋರಿಸಿದರು. ನಾನು ವರ್ಷಗಟ್ಟಲೆ ಬಯೋಟೈಟನ್ನು ಕಸವೆಂದು ಬೇರ್ಪಡಿಸಿ ಎಸೆದಿದ್ದೆ, ಗಾಜು ಶುದ್ಧವಾಗಿರಲಿ ಎಂದು. ಆ ಲೇಖನ ಓದಿದ ರಾತ್ರಿ ಊಟ ಸೇರಲಿಲ್ಲ.

5. ಅಳೆಯುವ ಕೈಯೇ ಸುಡುತ್ತದೆ.

ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಯಂತ್ರ ಒಂದು ಚೂರಿನ ಮೇಲೆ ಎಲೆಕ್ಟ್ರಾನುಗಳ ಕಿರಣ ಬಿಟ್ಟು ಅದರಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುತ್ತದೆ. ಕಿರಣವನ್ನು ಸೂಜಿಮೊನೆಯಂತೆ ಕಿರಿದು ಮಾಡಿದರೆ ಗಾಜಿನೊಳಗಿನ ಸೋಡಿಯಂ ಆ ಬಿಸಿಗೆ ಜಾಗ ಬಿಟ್ಟು ಓಡುತ್ತದೆ. ಅಳತೆಯಲ್ಲಿ ಸೋಡಿಯಂ ಕಡಿಮೆ, ಸಿಲಿಕಾ ಹೆಚ್ಚು ಎಂದು ಬರುತ್ತದೆ. ನನಗೆ ಹಾಗೆ ಬಂತು. ಟೋಬಾದ ಯಾವ ಸ್ಫೋಟಕ್ಕೂ ಹೊಂದದ ಗಾಜು! ಹೊಸ ಸ್ಫೋಟವನ್ನೇ ಕಂಡುಹಿಡಿದೆ ಎಂದು ಒಂದು ತಿಂಗಳು ನೆಲದ ಮೇಲೆ ಕಾಲಿರಲಿಲ್ಲ, ಮನಸ್ಸಿನಲ್ಲೇ ಅದಕ್ಕೆ ಹೆಸರೂ ಇಟ್ಟಾಗಿತ್ತು. ಯಂತ್ರ ನಡೆಸುತ್ತಿದ್ದ ತಂತ್ರಜ್ಞೆ ಒಂದು ಮಧ್ಯಾಹ್ನ ಕಿರಣವನ್ನು ಹಿಗ್ಗಿಸಿ, ಅದೇ ಚೂರನ್ನು ಮತ್ತೆ ಅಳೆದು, ಕಾಗದವನ್ನು ನನ್ನ ಮುಂದಿಟ್ಟು ಕಾಫಿಗೆ ಹೋದರು. ಹೆಸರಿಟ್ಟ ಸ್ಫೋಟ ಅಲ್ಲಿಗೆ ಮುಗಿಯಿತು.

6. ಕೂಡು-ಕಳೆ ಚಿಹ್ನೆಯನ್ನು ಮೊದಲು ಓದಿ.

ಟೋಬಾದ ಕಡೆಯ ಸ್ಫೋಟದ ವಯಸ್ಸನ್ನು ಆರ್ಗಾನ್ ವಿಧಾನದಲ್ಲಿ ನಿಖರವಾಗಿ ತೆಗೆದವರು ಇದ್ದಾರೆ. ಒಬ್ಬರು 73,880, ಕೂಡು-ಕಳೆ 320 ವರ್ಷ ಎಂದರು. ಇನ್ನೊಬ್ಬರು 75,000, ಕೂಡು-ಕಳೆ 900 ಎಂದರು. ಇಷ್ಟು ಹಳೆಯ ಘಟನೆಗೆ ಇದು ಬೆರಗಿನ ನಿಖರತೆ. ಆದರೆ ಆ 320 ವರ್ಷದ ಒಳಗೆ ವಿಜಯನಗರ ಹುಟ್ಟಿ, ಮೆರೆದು, ಕಣ್ಮರೆಯಾಗಬಹುದು. ಬೂದಿಯ ಕೆಳಗೂ ಮೇಲೂ ಇರುವ ಮರಳಿನ ವಯಸ್ಸು ತೆಗೆಯುವ ಬೆಳಕಿನ ವಿಧಾನದಲ್ಲಂತೂ ಕೂಡು-ಕಳೆ ಆರೇಳು ಸಾವಿರ ವರ್ಷ. "ಸ್ಫೋಟ ಆದ ಕೂಡಲೇ ಹೀಗಾಯಿತು" ಎಂದು ಯಾರಾದರೂ ಬರೆದಿದ್ದರೆ ಆ "ಕೂಡಲೇ"ಯನ್ನು ಪೆನ್ಸಿಲಿನಲ್ಲಿ ಸುತ್ತಿಡಿ.

7. ದೊಡ್ಡ ಕಥೆಗೆ ಕಾಲು ಉದ್ದ.

ನನ್ನ ಬೂದಿ ಜಗತ್ಪ್ರಸಿದ್ಧವಾದದ್ದು 1990ರ ದಶಕದಲ್ಲಿ. 1992ರಲ್ಲಿ ರಾಂಪಿನೋ ಮತ್ತು ಸೆಲ್ಫ್, ಟೋಬಾ ಸಿಡಿದಾಗ ಗಂಧಕದ ಮುಸುಕು ಆಕಾಶ ಮುಚ್ಚಿ 'ಜ್ವಾಲಾಮುಖಿ ಚಳಿಗಾಲ' ಬಂದಿರಬೇಕು ಎಂದು ಬರೆದರು. 1998ರಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ಆಂಬ್ರೋಸ್ ಇನ್ನೊಂದು ಹೆಜ್ಜೆ ಮುಂದೆ ಹೋದ: ಆ ಚಳಿಯಲ್ಲಿ ಮನುಷ್ಯಕುಲ ಅಳಿವಿನ ಅಂಚಿಗೆ ಹೋಗಿ, ಉಳಿದ ಕೆಲವೇ ಸಾವಿರ ಜನರಿಂದ ನಾವೆಲ್ಲ ಬಂದೆವು. ವಂಶವಾಹಿಗಳಲ್ಲಿ ಕಾಣುವ ಕಿರಿದಾದ ಕುತ್ತಿಗೆಗೆ, ಅಂದರೆ ಒಮ್ಮೆ ಜನಸಂಖ್ಯೆ ಕುಗ್ಗಿದ ಗುರುತಿಗೆ, ಇದೇ ಕಾರಣ ಎಂದ.

ಎಂಥ ಕಥೆ! ಮದುವೆ ಮನೆಯಲ್ಲಿ ಯಾರಾದರೂ "ನೀವೇನು ಕೆಲಸ ಮಾಡ್ತೀರಿ" ಎಂದರೆ ನಾನು ಗಾಜಿನ ಚೂರು ಎಣಿಸುತ್ತೇನೆ ಎನ್ನಬೇಕಾಗಿರಲಿಲ್ಲ. "ಮನುಷ್ಯಕುಲ ನಾಶವಾಗುವುದರಲ್ಲಿತ್ತಲ್ಲ, ಆ ಜ್ವಾಲಾಮುಖಿ..." ಎಂದರೆ ಸಾಕು, ಪಂಕ್ತಿಯೆಲ್ಲ ನನ್ನ ಕಡೆ ತಿರುಗುತ್ತಿತ್ತು. ಒಪ್ಪಿಕೊಳ್ಳುತ್ತೇನೆ, ಆ ಕಥೆಯನ್ನು ನಾನೂ ಬೇಕಾದಷ್ಟು ಸಲ ಹೇಳಿದ್ದೇನೆ, ಸಂಶೋಧನಾ ಅರ್ಜಿಗಳಲ್ಲೂ ಅದರ ಒಗ್ಗರಣೆ ಹಾಕಿದ್ದೇನೆ.

ಕಥೆಗೆ ತಡೆ ಹಾಕಿದ್ದು ಅದೇ ಜುರ್ರೇರು ಬಯಲು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಕಡೆಯ ವಿದ್ವಾಂಸರ ಜೊತೆ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಜ್ವಾಲಾಪುರಂನಲ್ಲಿ ಅಗೆದರು. ನಾನು ಆ ತಂಡದವನಲ್ಲ, ಆಮೇಲೆ ನೋಡಲು ಹೋದವನು. 2007ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಬೂದಿಯ ಕೆಳಗೆ ಕಲ್ಲಿನ ಉಪಕರಣಗಳಿವೆ, ಬೂದಿಯ ಮೇಲೂ ಇವೆ, ಎರಡೂ ಬಹುಮಟ್ಟಿಗೆ ಒಂದೇ ಬಗೆ. ಅಂದರೆ ಬೂದಿ ಬಿದ್ದ ಮೇಲೂ ಆ ಬಯಲಿನಲ್ಲಿ ಕಲ್ಲು ಕೆತ್ತುವವರು ಇದ್ದರು, ಕೆತ್ತುವ ರೀತಿಯೂ ಬದಲಾಗಲಿಲ್ಲ. ಮಧ್ಯಪ್ರದೇಶದ ಸೋನ್ ಕಣಿವೆಯ ಢಾಬಾ ಎಂಬಲ್ಲಿ 2020ರಲ್ಲಿ ಬಂದ ಫಲಿತಾಂಶವೂ ಇದೇ ದಿಕ್ಕಿನದು. ಮಲಾವಿ ಸರೋವರದ ಕೆಸರಿನಲ್ಲಿ ಬೂದಿಯ ಸುತ್ತಮುತ್ತ ದೊಡ್ಡ ಚಳಿಯ ಗುರುತು ಕಾಣಲಿಲ್ಲ. ಪಿನಕಲ್ ಪಾಯಿಂಟ್‌ನಲ್ಲಿ ಜನ ಹಾಯಾಗಿ ಮುಂದುವರಿದಿದ್ದರು.

ಹಾಗೆಂದು ಕಥೆ ಪೂರ್ತಿ ಸುಳ್ಳು ಎಂದು ಈಗಿನ ಹುಡುಗರು ಕುಣಿಯುವುದೂ ನನಗೆ ಒಪ್ಪಿಗೆಯಿಲ್ಲ. ಜ್ವಾಲಾಪುರಂನ ಉಪಕರಣಗಳನ್ನು ಮಾಡಿದವರು ನಮ್ಮ ಜಾತಿಯ ಮನುಷ್ಯರೋ ಬೇರೆಯವರೋ ಎಂದು ಹೇಳಲು ಅಲ್ಲಿ ಆ ಕಾಲದ ಮನುಷ್ಯರ ಒಂದು ಮೂಳೆಯೂ ಇಲ್ಲ, ಕಲ್ಲು ಮಾತ್ರ. ಮಧ್ಯಭಾರತದಲ್ಲಿ ಸ್ಫೋಟದ ನಂತರ ಕಾಡು ಹಿಂದೆ ಸರಿದು ಹುಲ್ಲು ಹಬ್ಬಿತು ಎಂದು ಪರಾಗ ಮತ್ತು ಮಣ್ಣಿನ ಇಂಗಾಲದಿಂದ ತೋರಿಸಿದ ವಿದ್ವಾಂಸರೂ ಇದ್ದಾರೆ. ಹೊರಬಂದ ಗಂಧಕ ಎಷ್ಟು ಎಂಬುದರ ಮೇಲೆ ಚಳಿ ನಿಂತಿದೆ. ಟೋಬಾದ ಶಿಲಾಪಾಕದಲ್ಲಿ ಗಂಧಕ ಅಷ್ಟೇನೂ ಕರಗಿರಲಿಲ್ಲ ಎಂದು ಒಂದು ಅಳತೆ. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ಮಂಜಿನಲ್ಲಿ ಆ ಕಾಲಕ್ಕೆ ಹೊಂದುವ ಗಂಧಕದ ಗುರುತುಗಳು ಒಂದಲ್ಲ, ಹಲವಿವೆ. ಜುರ್ರೇರಿನ ಸುಣ್ಣಕಲ್ಲಿನ ಬಯಲಿನಲ್ಲಿ ಬದುಕಿದವರಿಗೆ ಆ ವರ್ಷ ಹೇಗೆ ಕಳೆಯಿತು? ನೀರಿನ ಮೇಲೆ ಗಾಜಿನ ಕೆನೆ, ಹುಲ್ಲು ತಿಂದ ಜಿಂಕೆಯ ಹಲ್ಲು ಸವೆದು ಹೋಗಿರಬೇಕು, ಮಕ್ಕಳ ಕಣ್ಣು ಕೆಂಪಾಗಿರಬೇಕು. ಕುಲ ಅಳಿಯಲಿಲ್ಲ ಎಂದ ಮಾತ್ರಕ್ಕೆ ಕಷ್ಟ ಇರಲಿಲ್ಲ ಎಂದಲ್ಲ. ಆ ನಡುವಿನ ಸಂಗತಿಯನ್ನು ಹೇಳುವ ಸಾಕ್ಷ್ಯ ಆ ಮೂರು ಬೆರಳು ಬೂದಿಯ ಮೇಲೆ, ಮೊದಲ ಮಳೆ ಹೂಳು ತರುವ ಮುಂಚಿನ ಗೆರೆಯಲ್ಲಿ ಮಾತ್ರ ಇರಬಲ್ಲುದು. ಆ ಗೆರೆಯ ಮೇಲೆ ಪ್ರಾಣಿಗಳ, ಬೇರಿನ, ಹೆಜ್ಜೆಯ ಗುರುತು ಹುಡುಕುವುದಕ್ಕೆ ನಾನು ಮೊದಲೇ ಹೋಗಬೇಕಾಗಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಕಾಲ ಕಳೆದೆ.

8. ಗುಂಡಿ ತೋಡುವವನನ್ನು ಕೇಳಿ.

ನಕ್ಷೆ ಹಿಡಿದು ಮೂರು ದಿನ ಅಲೆದರೂ ಸಿಗದ ಬೂದಿಯನ್ನು ಬಾವಿ ತೋಡುವವರು ಒಂದು ಕಪ್ ಚಹಾ ಮುಗಿಯುವುದರೊಳಗೆ ತೋರಿಸುತ್ತಾರೆ. ಯಾವ ಹೊಲದಲ್ಲಿ ಎಷ್ಟು ಮೊಳಕ್ಕೆ "ಬಿಳಿ ಹಿಟ್ಟು" ಬರುತ್ತದೆ ಎಂಬುದು ಅವರ ಬಾಯಲ್ಲೇ ಇದೆ. ಆದರೆ ಅವರೇ ಅದನ್ನು ಅಗೆದು ಮುಗಿಸುವವರು ಕೂಡ. ಒಂದು ಬೇಸಿಗೆ ಅಳೆದ ಗೋಡೆ ಮುಂದಿನ ಬೇಸಿಗೆಗೆ ಇರುವುದಿಲ್ಲ. ಇದರ ಬಗ್ಗೆ ನನಗೆ ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ಅವರು ಅಗೆಯದಿದ್ದರೆ ಆ ಗೋಡೆಯೇ ತೆರೆದುಕೊಳ್ಳುತ್ತಿರಲಿಲ್ಲ. ಕಂಡ ದಿನವೇ ಅಳೆಯಿರಿ, ಚಿತ್ರ ಬರೆಯಿರಿ, ಫೋಟೋವನ್ನು ಮಾತ್ರ ನಂಬಿ ಬರಬೇಡಿ.

9. "ಮತ್ತೆ ಸಿಡಿಯುತ್ತದಾ ಸರ್?"

ಪ್ರತಿ ಭಾಷಣದ ಕೊನೆಗೆ ಈ ಪ್ರಶ್ನೆ ಬರುತ್ತದೆ. 2004ರ ಸುನಾಮಿಯ ಮರುವರ್ಷ ಬೇರೆ ಪ್ರಶ್ನೆಯೇ ಬರಲಿಲ್ಲ. ಟೋಬಾದ ಕೆಳಗೆ ಈಗಲೂ ಬಿಸಿ ಇದೆ. ಸರೋವರದ ಪಡುವಣ ದಂಡೆಯ ಪುಸುಕ್ ಬುಹಿತ್ ಎಂಬ ಪವಿತ್ರ ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ನಾನೂ ಕಾಲು ಇಳಿಬಿಟ್ಟು ಕೂತಿದ್ದೇನೆ. ಆದರೆ ಬಿಸಿ ಇರುವುದಕ್ಕೂ ಸಿಡಿಯುವುದಕ್ಕೂ ನಡುವೆ ಬಹಳ ಹಾದಿಯಿದೆ. ಟೋಬಾದ ಟಫ್‌ನಲ್ಲಿ ಅಲನೈಟ್ ಎಂಬ ಸಣ್ಣ ಹರಳುಗಳು ಸಿಗುತ್ತವೆ. ಮರದ ಉಂಗುರದಂತೆ ಅವುಗಳಲ್ಲೂ ಬೆಳವಣಿಗೆಯ ವಲಯಗಳಿವೆ. ಅವನ್ನು ಅಳೆದಾಗ ತಿಳಿದದ್ದು, ಸ್ಫೋಟಕ್ಕೆ ಒಂದು ಲಕ್ಷ ವರ್ಷಕ್ಕೂ ಮುಂಚೆಯೇ ಆ ಹರಳುಗಳು ಶಿಲಾಪಾಕದಲ್ಲಿ ಬೆಳೆಯತೊಡಗಿದ್ದವು. ಅಷ್ಟು ನಿಧಾನದ ತಯಾರಿ. ಸಭಿಕರಿಗೆ ಹೇಳುತ್ತೇನೆ: ಆ ಸೀಮೆಗೆ ಹೋಗುವುದಾದರೆ ಟೋಬಾದ ಚಿಂತೆ ಬಿಟ್ಟು ಉತ್ತರಕ್ಕಿರುವ ಸಿನಬುಂಗ್ ಬೆಟ್ಟದ ಸುದ್ದಿ ವಿಚಾರಿಸಿ ಹೋಗಿ. ಸುಮಾರು 400 ವರ್ಷ ತೆಪ್ಪಗಿದ್ದ ಆ ಸಾಧಾರಣ ಬೆಟ್ಟ 2010ರಲ್ಲಿ ಎದ್ದು, ಆಮೇಲಿನ ವರ್ಷಗಳಲ್ಲಿ ಜನರನ್ನು ಕೊಂದಿತು, ಊರುಗಳನ್ನು ಖಾಲಿ ಮಾಡಿಸಿತು. ಜನ ನಿರಾಶರಾಗುತ್ತಾರೆ. ಅವರಿಗೆ ಬೇಕಾದದ್ದು ದೊಡ್ಡದು.

10. ಚೀಟಿ ಚೀಲದ ಒಳಗೂ ಇರಲಿ, ಹೊರಗೂ ಇರಲಿ.

ನಿವೃತ್ತಿಯ ದಿನ ನನ್ನ ಕೋಣೆಯ ಖಾನೆಗಳನ್ನು ಖಾಲಿ ಮಾಡುವಾಗ ಅರ್ಧ ಕಿಲೋ ಬೂದಿಯ ಚೀಲವೊಂದು ಸಿಕ್ಕಿತು. ಹೊರಗಿನ ಚೀಟಿ ಉದುರಿಹೋಗಿತ್ತು, ಒಳಗಿನ ಚೀಟಿಯನ್ನು ಗೆದ್ದಲು ತಿಂದಿತ್ತು. ಸೋನ್ ಕಣಿವೆಯದೋ, ಬೋರಿಯದೋ, ಜುರ್ರೇರಿನದೋ? ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಅದೇ ಬಾಗಿದ ಗಾಜು. ಟೋಬಾದ್ದು ಎನ್ನುವುದರಲ್ಲಿ ಸಂಶಯವಿರಲಿಲ್ಲ. ಎಲ್ಲಿ ಬಿದ್ದದ್ದು, ತಳದ ಮೂರು ಬೆರಳಿನದೋ ಮೇಲಿನ ಹೂಳಿನದೋ ಎಂದು ತಿಳಿಯುವ ಉಪಾಯವಿರಲಿಲ್ಲ. ಎಸೆಯಲು ಮನಸ್ಸಾಗದೆ ಮನೆಗೆ ತಂದು ಅಟ್ಟದ ಮೇಲಿಟ್ಟೆ.

ದೀಪಾವಳಿಗೆ ಮುಂಚೆ ಹೆಂಡತಿ ಅದನ್ನು ಕಂಡು, ರಂಗೋಲಿ ಪುಡಿ ಇರಬೇಕೆಂದುಕೊಂಡು, ಹುಣಸೆಹಣ್ಣಿನ ಜೊತೆ ಸೇರಿಸಿ ತವರಿನ ಹಿತ್ತಾಳೆಯ ಕಾಲುದೀಪವನ್ನು ತಿಕ್ಕಿದಳು. ಕಿಲುಬೆಲ್ಲ ಹೋಗಿ ದೀಪ ಬಂಗಾರದಂತೆ ಹೊಳೆಯಿತು. ಬೆಳಕಿಗೆ ಹಿಡಿದು ನೋಡಿದಾಗ ಮೈತುಂಬ ಕೂದಲಿನಷ್ಟು ಸಣ್ಣ ಗೀರುಗಳು. ಹಿತ್ತಾಳೆಗಿಂತ ಗಾಜು ಗಟ್ಟಿ, ಇನ್ನೇನಾಗುತ್ತದೆ. ಅವಳು ಇಂದಿಗೂ ಆ ಗೀರುಗಳನ್ನು ತೋರಿಸಿ ನನ್ನನ್ನು ಬೈಯುತ್ತಾಳೆ. ಮನೆಗೆ ತಂದಾಗ ಹೊಸ ಚೀಟಿ ಅಂಟಿಸದಿದ್ದವರು ಯಾರು ಎಂದು ನಾನು ಬಾಯಿ ಬಿಟ್ಟಿಲ್ಲ.